ಗೆರೆ ನಮ್ಮವರನ್ನು ದಾಟಿದ ಮೇಲೆ


ಇಂದಿನ ಧಮ್ಮ ಚಿಂತನೆ: 5 ಡಿಸೆಂಬರ್ 2023, ಮಂಗಳವಾರ



ಇದನ್ನು ಸೋಮವಾರ ರಾತ್ರಿ ಬರೆಯುತ್ತಿದ್ದೇನೆ. ಎರಡು ದಿನದಿಂದ ನಮ್ಮ ಗುಂಪಿನಲ್ಲಿ ಒಂದೇ ಮಾತು: ‘ಚೆನ್ನೈಯಲ್ಲಿ ನಿಮ್ಮವರು ಹೇಗಿದ್ದಾರೆ? ಫೋನ್ ಸಿಕ್ಕಿತಾ?’

ಹಲಸೂರು, ಮರ್ಫಿ ಟೌನ್, ಶಿವಾಜಿನಗರ, ಕೆ.ಆರ್.ಪುರ, ಈ ಭಾಗದ ನಮ್ಮ ಎಷ್ಟೋ ಮನೆಗಳಿಗೆ ವ್ಯಾಸರ್ಪಾಡಿಯಲ್ಲಿ ಅತ್ತೆ, ಪೆರಂಬೂರಿನಲ್ಲಿ ಅಕ್ಕ, ಪುಳಿಯಂತೋಪಿನಲ್ಲಿ ಅಜ್ಜಿ ಇದ್ದಾರೆ. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದಾಗಿನಿಂದ ಈ ಹೋಗಿಬರುವ ಸಂಬಂಧ ಇದೆ. ಧಮ್ಮವೂ ಈ ದಿಕ್ಕಿನಿಂದಲೇ ಬಂದದ್ದುಂಟು. 1898ರಲ್ಲಿ ಪಂಡಿತ ಅಯೋತಿದಾಸರು ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘವು ಮುಂದೆ ಕೋಲಾರ ಚಿನ್ನದ ಗಣಿಯ ನಮ್ಮ ಜನರ ನಡುವೆ ಬೇರು ಬಿಟ್ಟಿತು.

ಇಂದು ಆ ರೈಲುಗಳೇ ನಿಂತಿವೆ. ಬೇಸಿನ್ ಬ್ರಿಡ್ಜ್ ಮತ್ತು ವ್ಯಾಸರ್ಪಾಡಿ ನಡುವಿನ ಸೇತುವೆಯಲ್ಲಿ ನೀರು ಅಪಾಯದ ಮಟ್ಟ ದಾಟಿದೆ. ಚೆನ್ನೈ ವಿಮಾನ ನಿಲ್ದಾಣ ಮುಚ್ಚಿದೆ. ಅಲ್ಲಿ ಇಳಿಯಬೇಕಿದ್ದ ಎಷ್ಟೋ ವಿಮಾನಗಳು ನಮ್ಮ ಬೆಂಗಳೂರಿನಲ್ಲಿ ಇಳಿದಿವೆ. ಈಸ್ಟ್ ಕೋಸ್ಟ್ ರಸ್ತೆಯ ಕಾನತ್ತೂರಿನಲ್ಲಿ ಹೊಸದಾಗಿ ಕಟ್ಟಿದ ಗೋಡೆ ಕುಸಿದು ಇಬ್ಬರು ತೀರಿಕೊಂಡಿದ್ದಾರೆ. ಅವರು ದೂರದ ಜಾರ್ಖಂಡ್‌ನಿಂದ ಬಂದವರು.

ಸಂಜೆಯ ಹೊತ್ತಿಗೆ ನಕ್ಷೆಯಲ್ಲಿ ಮಿಚಾಂಗ್ ಚಂಡಮಾರುತದ ಗೆರೆ ಉತ್ತರಕ್ಕೆ ಸರಿದಿದೆ. ಮಂಗಳವಾರ ಅದು ಆಂಧ್ರದ ನೆಲ್ಲೂರು ಮತ್ತು ಮಚಲೀಪಟ್ಟಣದ ನಡುವೆ, ಬಾಪಟ್ಲಾ ಹತ್ತಿರ ದಡ ಸೇರುತ್ತದೆ, ಗಾಳಿಯ ವೇಗ ಗಂಟೆಗೆ 90ರಿಂದ 100 ಕಿಲೋಮೀಟರ್ ಇರಬಹುದು ಎಂದು ಹವಾಮಾನ ಇಲಾಖೆ ಹೇಳಿದೆ. ಇದನ್ನು ಓದಿದ ಕೂಡಲೇ ನಮ್ಮ ಎದೆಯಿಂದ ಒಂದು ನಿಟ್ಟುಸಿರು ಹೊರಡುತ್ತದೆ: ‘ಸದ್ಯ, ಚೆನ್ನೈ ದಾಟಿತು.’

ಇಂದಿನ ಚಿಂತನೆ ಆ ‘ಸದ್ಯ’ ಎಂಬ ಒಂದು ಪದದ ಬಗ್ಗೆ.

ನಮ್ಮವರು ಉಳಿದರೆ ಮನಸ್ಸು ಹಗುರಾಗುವುದು ಸಹಜ. ಅದು ಪಾಪವಲ್ಲ. ಆದರೆ ಗಾಳಿ ನಿಂತಿಲ್ಲ, ಬೇರೆಯವರ ಮನೆಯ ಕಡೆ ಹೊರಟಿದೆ. ನಮಗೆ ನಿಟ್ಟುಸಿರು ತಂದ ಅದೇ ಸುದ್ದಿ ಬಾಪಟ್ಲಾದ ಮೀನುಗಾರರ ಕೇರಿಯಲ್ಲಿ ದಿಗಿಲು ಹುಟ್ಟಿಸಿದೆ. ಆತಂಕ ರಕ್ತಸಂಬಂಧದ ಜೊತೆ ಹೋಗುತ್ತದೆ, ಸಂಬಂಧ ಮುಗಿದಲ್ಲಿ ನಿಲ್ಲುತ್ತದೆ. ಮೈತ್ರಿ ಹಾಗಲ್ಲ. ಅದು ಗಾಳಿಯ ಜೊತೆಗೇ ಕೊನೆಯ ಮನೆಯವರೆಗೂ ಹೋಗುತ್ತದೆ. ಗೆರೆ ನಮ್ಮವರನ್ನು ದಾಟಿದ ಮೇಲೂ ನಾವು ನಕ್ಷೆ ನೋಡುತ್ತೇವೆಯೇ? ನಮ್ಮ ಮೈತ್ರಿಗೆ ಪರೀಕ್ಷೆ ಅಲ್ಲಿದೆ.

ಇಂದು ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: ‘ಮಿಸ್, ಅಲ್ಲಿಯವರು ಏನು ಪಾಪ ಮಾಡಿದ್ದಾರಂತೆ?’ ಮನೆಯಲ್ಲಿ ಯಾರೋ ದೊಡ್ಡವರು ಆಡಿದ ಮಾತನ್ನೇ ಅವಳು ಹಿಡಿದು ತಂದಿದ್ದಳು. ಈ ಪ್ರಶ್ನೆ ಹೊಸದಲ್ಲ. ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ರಾಜಗೃಹದಲ್ಲಿ ಬುದ್ಧರನ್ನು ಕಾಣುತ್ತಾನೆ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದ ಫಲವೇ ಎಂದು ಕೆಲವರು ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಬುದ್ಧರು ಆ ಮಾತನ್ನು ಒಪ್ಪುವುದಿಲ್ಲ. ನೋವಿಗೆ ಬೇರೆ ಬೇರೆ ಕಾರಣಗಳಿವೆ ಎಂದು ಎಣಿಸಿ ತೋರಿಸುತ್ತಾರೆ. ಆ ಎಣಿಕೆಯಲ್ಲಿ ಋತುವಿನ ಬದಲಾವಣೆಯೂ ಒಂದು.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಇದನ್ನೇ ಇನ್ನೂ ಮುಂದಕ್ಕೆ ಒಯ್ದರು. ಬಡವನ ಸ್ಥಿತಿಗೆ ಅವನ ಹಿಂದಿನ ಜನ್ಮ ಕಾರಣ ಎಂದುಬಿಟ್ಟರೆ ಸಮಾಜವೂ ಸರ್ಕಾರವೂ ತಮ್ಮ ಹೊಣೆಯಿಂದ ಜಾರಿಕೊಳ್ಳುತ್ತವೆ ಎಂಬುದನ್ನು ಅವರು ಎತ್ತಿ ತೋರಿಸಿದರು.

ಹಾಗಾದರೆ ಕಾರಣ ಏನು? ಸಮುದ್ರದ ಮೇಲ್ನೀರು ಸುಮಾರು 26.5 ಡಿಗ್ರಿಗಿಂತ ಬಿಸಿಯಾಗಿದ್ದಾಗ ತೇವ ತುಂಬಿದ ಗಾಳಿ ಮೇಲೇರುತ್ತದೆ. ಕೆಳಗೆ ಒತ್ತಡ ಕಡಿಮೆಯಾಗುತ್ತದೆ. ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಆ ಗಾಳಿ ಸುಳಿಯಾಗುತ್ತದೆ. ಇದು ಇದ್ದರೆ ಅದು ಆಗುತ್ತದೆ. ಪಟಿಚ್ಚಸಮುಪ್ಪಾದ ಎಂದರೆ ಈ ನೋಟವೇ. ಇದರಲ್ಲಿ ಯಾವ ದೇವರ ಕೋಪವೂ ಇಲ್ಲ, ಯಾವ ಅಜ್ಜಿಯ ಪಾಪವೂ ಇಲ್ಲ.

ಗಾಳಿಯ ಕಾರಣ ಅಷ್ಟು. ಸಾವಿನ ಕಾರಣಗಳು ಬೇರೆ, ಅವುಗಳಲ್ಲಿ ಮನುಷ್ಯರ ಕೈ ಇದೆ. ಮಳೆನೀರು ಹೀರಿಕೊಳ್ಳುತ್ತಿದ್ದ ಪಳ್ಳಿಕರಣೆ ಜೌಗು ಭೂಮಿಯ ಬಹುಪಾಲು ಕಟ್ಟಡಗಳ ಕೆಳಗೆ ಹೋಗಿದೆ. 2018ರ ನವೆಂಬರ್‌ನಲ್ಲಿ ಗಜ ಚಂಡಮಾರುತ ಬಂದ ರಾತ್ರಿ, ತಂಜಾವೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೈನೆರೆದಳೆಂದು ಬೇರೆ ಗುಡಿಸಲಿನಲ್ಲಿ ಇರಿಸಿದ್ದ ಬಾಲಕಿಯ ಮೇಲೆ ತೆಂಗಿನ ಮರ ಬಿತ್ತು. ಮರ ಉರುಳಿಸಿದ್ದು ಗಾಳಿ. ಅವಳನ್ನು ಆ ಗುಡಿಸಲಲ್ಲಿ ಕೂರಿಸಿದ್ದು ಮೈಲಿಗೆಯ ಆಚಾರ.

2019ರ ಡಿಸೆಂಬರ್ 2ರಂದು, ಮೇಟ್ಟುಪಾಳ್ಯಂ ಬಳಿಯ ನಾಡೂರಿನಲ್ಲಿ, ದಲಿತ ಕೇರಿಯ ಪಕ್ಕ ಎತ್ತಿದ್ದ ಸುಮಾರು 20 ಅಡಿ ಎತ್ತರದ ಗೋಡೆ ಮಳೆಗೆ ನೆನೆದು ಮಲಗಿದ್ದವರ ಮೇಲೆ ಕುಸಿಯಿತು. 17 ಜನ ಸತ್ತರು. ಅದನ್ನು ಅಸ್ಪೃಶ್ಯತೆಯ ಗೋಡೆ ಎಂದು ಅಲ್ಲಿಯವರು ಹೇಳಿದರು. ಮಳೆಗೆ ಜಾತಿ ಗೊತ್ತಿಲ್ಲ, ಗೋಡೆಗೆ ಗೊತ್ತಿತ್ತು.

ಕಾರಣ ಮನುಷ್ಯರದ್ದಾದರೆ ಪರಿಹಾರವೂ ಮನುಷ್ಯರ ಕೈಯಲ್ಲಿದೆ. 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಸುಮಾರು 10 ಸಾವಿರ ಜನ ಸತ್ತರು. ಆಮೇಲೆ ಅಲ್ಲಿ ಆಶ್ರಯ ಕಟ್ಟಡಗಳು ಎದ್ದವು, ಮುನ್ಸೂಚನೆ ಮನೆಮನೆಗೆ ಮುಟ್ಟಿತು. 2019ರ ಮೇ 3ರಂದು ಪುರಿಯ ಹತ್ತಿರ ಫನಿ ಅಪ್ಪಳಿಸುವ ಮೊದಲೇ 12 ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ ನೂರರೊಳಗೆ ಉಳಿಯಿತು. ಎರಡು ಗಾಳಿಗಳ ವೇಗ ಒಂದೇ ಆಗಿರಲಿಲ್ಲ, ನಿಜ. ಆದರೆ ದೊಡ್ಡ ವ್ಯತ್ಯಾಸ ಇದ್ದದ್ದು ಎಚ್ಚರದಲ್ಲಿ. ಧಮ್ಮಪದದ ಒಂದು ವಗ್ಗಕ್ಕೆ ಹೆಸರೇ ‘ಅಪ್ಪಮಾದ’, ಅಂದರೆ ಮೈಮರೆಯದಿರುವುದು. ಫನಿಯ ದಿನ ಒಡಿಶಾದಲ್ಲಿ ಲಕ್ಷಾಂತರ ಜೀವ ಉಳಿಸಿದ್ದು ಅಪ್ಪಮಾದವೇ.

ಆದ್ದರಿಂದ ಬಂಧುಗಳೇ, ಇಂದು ನಾವು ಮಾಡಬಹುದಾದ ನಾಲ್ಕು ಕೆಲಸ.

ಒಂದು, ಸಮ್ಮಾ ವಾಚಾ. ಹವಾಮಾನ ಇಲಾಖೆಯ ಸುದ್ದಿಯನ್ನು ಬಿಟ್ಟು ಯಾವುದೋ ವರ್ಷದ, ಯಾವುದೋ ಊರಿನ ವಿಡಿಯೋ ಫಾರ್ವರ್ಡ್ ಮಾಡಬೇಡಿ. ಭಯ ಹಂಚುವುದು ಕರುಣೆಯಲ್ಲ.

ಎರಡು, ಫೋನ್ ಸಿಕ್ಕರೆ ಮಾತು ಚಿಕ್ಕದಿರಲಿ. ಅವರಲ್ಲಿ ಕರೆಂಟಿಲ್ಲ, ಚಾರ್ಜ್ ಉಳಿಯಬೇಕು. ನೀರು ಒಳಗೆ ಬರುವ ಮೊದಲೇ ಮೇನ್ ಸ್ವಿಚ್ ಆರಿಸಲು ಹೇಳಿ. ರೇಷನ್ ಕಾರ್ಡ್, ಆಧಾರ್, ಮಕ್ಕಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎತ್ತರದಲ್ಲಿ ಇಡಲಿ. ಆ ಕಾಗದ ಮತ್ತೆ ಮಾಡಿಸಲು ನಮ್ಮ ಜನ ಎಷ್ಟು ಬಾಗಿಲು ಅಲೆಯಬೇಕೆಂದು ನಮಗೆ ಗೊತ್ತು. ತಮಿಳುನಾಡಿನಲ್ಲಿ ಸಹಾಯಕ್ಕೆ 1070, ಜಿಲ್ಲೆಯ ಮಟ್ಟದಲ್ಲಿ 1077. ಕೊನೆಗೆ ಒಂದು ಮಾತು ಕೇಳಿ: ‘ಪಕ್ಕದ ಮನೆಯವರು ಹೇಗಿದ್ದಾರೆ?’

ಮೂರು, ನೀರು ಇಳಿದ ಮೇಲಿನ ದಿನಗಳನ್ನು ಮರೆಯಬೇಡಿ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಕೊಚ್ಚೆ, ಕಸ, ಸತ್ತ ಪ್ರಾಣಿಗಳನ್ನು ಎತ್ತಲು ಬೇರೆ ಜಿಲ್ಲೆಗಳಿಂದಲೂ ಪೌರಕಾರ್ಮಿಕರನ್ನು ಕರೆತಂದರು. ಅವರು ಯಾರ ಮಕ್ಕಳು ಎಂದು ನಾನು ಹೇಳಬೇಕಿಲ್ಲ. ಈ ಸಲವೂ ಅವರೇ ಬರುತ್ತಾರೆ. ಅವರ ಕೈಗೆ ಗ್ಲೌಸ್, ಕಾಲಿಗೆ ಬೂಟು ಇದೆಯೇ ಎಂದು ಕೇಳುವವರು ನಾವಾಗಬೇಕು.

ನಾಲ್ಕು, ದಾನ. ನಾಳೆ ಡಿಸೆಂಬರ್ 6, ಬಾಬಾಸಾಹೇಬರ ಮಹಾಪರಿನಿಬ್ಬಾಣ ದಿನ. ಪ್ರತಿಮೆಗೆ ಒಂದು ಹಾರ ಸಾಕು. ಎರಡನೇ ಹಾರಕ್ಕೆ ಎತ್ತಿಟ್ಟ ಹಣವನ್ನು ನಾಳೆಯ ಸಭೆಗೆ ತನ್ನಿ. ಚೆನ್ನೈಗೆ ಎಷ್ಟು ಎಂದು ಮಾತಾಡುವಾಗ ಬಾಪಟ್ಲಾಕ್ಕೆ ಎಷ್ಟು ಎಂಬುದನ್ನೂ ಮಾತಾಡೋಣ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಡಲಲ್ಲಿ ಎದ್ದದ್ದು ನಮ್ಮಲ್ಲಿಗೆ ಬರುವಷ್ಟರಲ್ಲಿ ಬರೀ ಮೋಡ, ಒಂದಿಷ್ಟು ಚಳಿ. ಸ್ವೆಟರ್ ಹಾಕಿಕೊಂಡು ಚಹಾ ಕುಡಿಯುತ್ತಾ ಇದನ್ನು ಓದುವ ಅನುಕೂಲ ನಮಗಿದೆ. ಅನುಕೂಲ ಇರುವವರ ಮೇಲೆ ಹೊಣೆಯೂ ಇದೆ.

ಇಂದು ಬೆಳಗ್ಗೆ ಹತ್ತು ನಿಮಿಷ ಕುಳಿತುಕೊಳ್ಳಿ. ಮೊದಲು ನಿಮ್ಮ ಮನೆಯವರಿಗೆ, ಆಮೇಲೆ ಚೆನ್ನೈಯ ಬಂಧುಗಳಿಗೆ, ಆಮೇಲೆ ಹೆಸರೇ ಗೊತ್ತಿಲ್ಲದ ಬಾಪಟ್ಲಾದ ಒಬ್ಬ ತಾಯಿಗೆ ಮೈತ್ರಿ ಕಳಿಸಿ. ಎದ್ದ ಮೇಲೆ ಮಧ್ಯಾಹ್ನ, ಸಂಜೆ ಸುದ್ದಿ ನೋಡಿ, ಅವಳ ಊರಿನ ಸುದ್ದಿಯನ್ನು.

ಭವತು ಸಬ್ಬ ಮಂಗಲಂ.
ಜೈ ಭೀಮ್.