ಪುಷ್ಯಮಾಸದ ಸಂಗೀತಾರಾಧನೆ: ಹಾಡುವವರು ಯಾರು, ಕೇಳುವವರು ಯಾರು?

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ಪುಷ್ಯಮಾಸದ ಕೃಷ್ಣಪಕ್ಷವು ಸಂಗೀತಸೇವೆಗೆ ಪರ್ವಕಾಲವೇ ಸರಿ. ಬಹುಳ ಪಂಚಮಿಯಂದು ತಿರುವೈಯಾರಿನಲ್ಲಿ ಶ್ರೀ ತ್ಯಾಗರಾಜಸ್ವಾಮಿಗಳ ಆರಾಧನೆ. ಅದಾದ ಹತ್ತು ದಿನಕ್ಕೆ, ಅಮಾವಾಸ್ಯೆಯಂದು, ಶ್ರೀ ಪುರಂದರದಾಸರ ಆರಾಧನೆ. ದಾಸರು ಹರಿಪಾದವನ್ನು ಸೇರಿದ್ದು 1564ರಲ್ಲಿ, ತ್ಯಾಗರಾಜರು 1847ರಲ್ಲಿ. ಮಧ್ಯೆ ಸುಮಾರು ಇನ್ನೂರೆಂಬತ್ತು ವರ್ಷಗಳ ಅಂತರವಿದ್ದರೂ ತ್ಯಾಗರಾಜರು ತಮ್ಮ ‘ಪ್ರಹ್ಲಾದ ಭಕ್ತಿವಿಜಯ’ದಲ್ಲಿ ಪುರಂದರದಾಸರನ್ನು ಭಕ್ತಿಯಿಂದ ಸ್ಮರಿಸಿದ್ದಾರೆ. ಆದುದರಿಂದ ಈ ಎರಡು ಆರಾಧನೆಗಳನ್ನು ಒಟ್ಟಿಗೆ ಚಿಂತಿಸುವುದು ಅನುಚಿತವಾಗಲಾರದು.

ಈ ದಿನಗಳಲ್ಲಿ ನಮ್ಮ ಮಠ-ಮಂದಿರಗಳಲ್ಲಿ ಸಂಗೀತೋತ್ಸವವು ನಡೆಯುವ ರೀತಿಯನ್ನು ತಾವೆಲ್ಲರೂ ಬಲ್ಲಿರಿ. ಮಧ್ಯಾಹ್ನ ಎರಡೂವರೆಗೆ ಮಕ್ಕಳ ಗಾಯನ, ಸಂಜೆ ಆರಕ್ಕೆ ವಿದ್ವಾಂಸರ ಕಛೇರಿ. ಮಕ್ಕಳು ಹಾಡುವಾಗ ಎದುರಿಗಿರುವವರು ಅವರವರ ತಾಯಿತಂದೆಗಳು, ಮುಂದಿನ ಸರದಿಯವರು, ಮತ್ತು ತೀರ್ಥಪ್ರಸಾದ ಮುಗಿಸಿ ಕಂಬಕ್ಕೊರಗಿ ಕಣ್ಣುಮುಚ್ಚಿರುವ ಕೆಲವು ಹಿರಿಯರು. ಒಂದು ಮಗು ಹಾಡಿ ಮುಗಿಸಿತೆಂದರೆ ಆ ಮನೆಯವರೆಲ್ಲ ಎದ್ದರು. ಮೊಬೈಲಿನಲ್ಲಿ ಚಿತ್ರ ತೆಗೆದದ್ದಾಯಿತು, ಪ್ರಮಾಣಪತ್ರ ಕೈಸೇರಿತು, ಚಪ್ಪಲಿ ಹುಡುಕಿಕೊಂಡು ಹೊರಟರು. ಸಂಜೆ ವಿದ್ವಾಂಸರು ಶ್ರುತಿ ಸೇರಿಸುವ ವೇಳೆಗೆ ಸಭೆಯೇನೋ ತುಂಬಿರುತ್ತದೆ. ಆದರೆ ಮಧ್ಯಾಹ್ನ ಹಾಡಿದ ಮಕ್ಕಳು ಅಲ್ಲಿ ಬೆರಳೆಣಿಕೆಯಷ್ಟೂ ಇರುವುದಿಲ್ಲ. ತಮಗಿಂತ ಮುಂಚೆ ಅದೇ ವೇದಿಕೆಯಲ್ಲಿ ಕುಳಿತಿದ್ದವರು ಯಾರೆಂಬುದು ವಿದ್ವಾಂಸರಿಗೂ ತಿಳಿಯದು. ಒಂದೇ ದೇವರ ಸನ್ನಿಧಿ, ಒಂದೇ ವೇದಿಕೆ. ಉತ್ಸವಗಳು ಮಾತ್ರ ಎರಡು!

ನವವಿಧ ಭಕ್ತಿಗಳ ಕ್ರಮವನ್ನು ನೆನೆಯೋಣ. ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ಅವುಗಳನ್ನು ಎಣಿಸಿ ಹೇಳಿದವರು ಪ್ರಹ್ಲಾದರಾಜರು. ನೀನು ಕಲಿತದ್ದರಲ್ಲಿ ಉತ್ತಮವಾದುದನ್ನು ಹೇಳೆಂದು ತಂದೆಯು ಕೇಳಿದಾಗ, ಐದು ವರ್ಷದ ಬಾಲಕನು ಮೊದಲು ಹೇಳಿದ್ದು ಶ್ರವಣ. ಕೀರ್ತನವು ಅದರ ಅನಂತರ. ಆ ಬಾಲಕನಿಗೆ ಈ ಜ್ಞಾನವು ಬಂದದ್ದಾದರೂ ಶ್ರವಣದಿಂದಲೇ. ತಾಯಿಯ ಗರ್ಭದಲ್ಲಿದ್ದಾಗ ನಾರದರ ಉಪದೇಶವನ್ನು ಕೇಳಿದವನು ಆತ. ಹಾಡಲು ಬಾಯಿ ಬರುವ ಮೊದಲೇ ಕೇಳಲು ಕಿವಿ ಸಿದ್ಧವಾಗಿತ್ತು.

ಇನ್ನೊಂದು ಸ್ವಾರಸ್ಯವಿದೆ. ಪುರಂದರದಾಸರನ್ನು ನಾರದಾಂಶರೆಂದೂ, ಅವರಿಗೆ ದಾಸದೀಕ್ಷೆಯನ್ನಿತ್ತ ಶ್ರೀ ವ್ಯಾಸರಾಜರನ್ನು ಪ್ರಹ್ಲಾದಾವತಾರರೆಂದೂ ನಮ್ಮ ಸಂಪ್ರದಾಯವು ನಂಬುತ್ತದೆ. ಹಿಂದೆ ಗುರುವಾಗಿ ಹೇಳಿದವರು ಇಲ್ಲಿ ಶಿಷ್ಯರಾಗಿ ಕೇಳಿದರು. ಹಿಂದೆ ಶಿಷ್ಯನಾಗಿ ಕೇಳಿದವರು ಇಲ್ಲಿ ಗುರುಪೀಠದಲ್ಲಿದ್ದರು. ಹಿರಿಯರು ಕಿರಿಯರ ಮಾತನ್ನು ಕೇಳಿದರೆ ಗೌರವಕ್ಕೆ ಕುಂದೆನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಈಗ ತಿರುವೈಯಾರಿನ ಕಡೆಗೆ ಬರೋಣ. ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯ ದಡದಲ್ಲಿ, ತ್ಯಾಗರಾಜರ ಸಮಾಧಿಯ ಎದುರು, ಪಂಚಮಿಯ ಬೆಳಿಗ್ಗೆ ನೂರಾರು ಜನರು ಸಾಲುಸಾಲಾಗಿ ಕುಳಿತು ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಹೆಸರಾಂತ ವಿದ್ವಾಂಸರೂ ನಿನ್ನೆ ಮೊನ್ನೆ ಕೃತಿಗಳನ್ನು ಕಲಿತವರೂ ಅಲ್ಲಿ ಒಂದೇ ಶ್ರುತಿಯಲ್ಲಿ, ಒಂದೇ ತಾಳದಲ್ಲಿ ಹಾಡತಕ್ಕವರು. ಆಲಾಪನೆಗೆ, ತನಿ ಆವರ್ತನಕ್ಕೆ, ಬಿರುದಿಗೆ ಅಲ್ಲಿ ಎಡೆಯಿಲ್ಲ. ಇವುಗಳಲ್ಲಿ ನಾಲ್ಕನೆಯದಾದ ವರಾಳಿಯ ವಿಷಯದಲ್ಲಿ ಒಂದು ಹಳೆಯ ನಂಬಿಕೆಯಿದೆ. ಆ ರಾಗವನ್ನು ಗುರುವು ನೇರವಾಗಿ ಪಾಠ ಹೇಳಿದರೆ ಗುರುಶಿಷ್ಯರಲ್ಲಿ ವಿರಸವುಂಟಾಗುವುದೆಂದು ಹೇಳುತ್ತಾರೆ. ಆದ್ದರಿಂದ ಶಿಷ್ಯನು ಅದನ್ನು ಕೇಳಿ ಕೇಳಿಯೇ ಕಲಿಯಬೇಕು. ನಂಬಿಕೆಯು ಹೇಗೇ ಇರಲಿ, ಅದರ ಫಲವು ಒಳ್ಳೆಯದೇ ಆಗಿದೆ. ಕೇಳದೆ ಎದ್ದುಹೋದವನಿಗೆ ವರಾಳಿಯು ದಕ್ಕುವುದಿಲ್ಲ.

ಈ ಗೋಷ್ಠಿಯು ಸುಲಭವಾಗಿ ಕೂಡಿಬಂದದ್ದಲ್ಲ. ಆ ಸಮಾಧಿಯು ಪಾಳುಬಿದ್ದಿದ್ದಾಗ ಅದನ್ನು ಉದ್ಧರಿಸಿದವರು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು. ತಮ್ಮ ಆಭರಣ, ಆಸ್ತಿಗಳನ್ನು ವ್ಯಯಮಾಡಿ ಅವರು ಕಟ್ಟಿಸಿದ ಮಂದಿರದ ಪ್ರತಿಷ್ಠೆಯಾದದ್ದು 1925ರಲ್ಲಿ. ಆದರೂ ಆರಾಧನೆಯಲ್ಲಿ ಹಾಡುವ ಅವಕಾಶ ಸ್ತ್ರೀಯರಿಗಿರಲಿಲ್ಲ! ಉತ್ಸವ ನಡೆಸುವವರಲ್ಲಿಯೇ ಎರಡು ಪಕ್ಷಗಳಿದ್ದವು. ನಾಗರತ್ನಮ್ಮನವರು ಜಗಳಕ್ಕೆ ಕೂರಲಿಲ್ಲ. ಸ್ತ್ರೀಯರನ್ನು ಕೂಡಿಸಿಕೊಂಡು ತಾವೇ ಬೇರೆಯಾಗಿ ಆರಾಧನೆಯನ್ನು ನಡೆಸಿದರು. 1940ರ ಸುಮಾರಿಗೆ ಪಕ್ಷಗಳು ಒಂದಾದವು, ಎಲ್ಲರೂ ಕೂಡಿ ಹಾಡುವ ಕ್ರಮವು ನೆಲೆಗೊಂಡಿತು. 1952ರಲ್ಲಿ ತೀರಿಕೊಂಡ ಆ ಮಹಾತಾಯಿಯ ಸಮಾಧಿಯೂ ಅಲ್ಲಿಯೇ ಇದೆ. ಸನ್ನಿಧಿಯಲ್ಲಿ ಹಾಡಲು ಯಾರು ಅರ್ಹರೆಂಬ ವಾದದಿಂದ ಎಷ್ಟು ವರ್ಷಗಳು ವ್ಯರ್ಥವಾದವೆಂಬುದನ್ನು ಎಣಿಸಿದರೆ ವ್ಯಥೆಯಾಗುತ್ತದೆ.

ತಾರತಮ್ಯವನ್ನು ಒಪ್ಪುವ ಮಾಧ್ವರಾದ ನಾವು ಮಗುವಿನ ಗೀತೆಯನ್ನೂ ವಿದ್ವಾಂಸರ ರಾಗವಿಸ್ತಾರವನ್ನೂ ಹೇಗೆ ಸಮವೆನ್ನೋಣವೆಂದು ಯಾರಾದರೂ ಕೇಳಬಹುದು. ಸಮವೆಂದು ನಾನೂ ಹೇಳುತ್ತಿಲ್ಲ. ಆದರೆ ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ತಾರತಮ್ಯವೆಂದರೆ ತಿರಸ್ಕಾರವಲ್ಲ. ಮುಕ್ತರಲ್ಲಿ ಆನಂದದ ಹೆಚ್ಚುಕಡಿಮೆಯಿದ್ದರೂ ಪ್ರತಿಯೊಬ್ಬರೂ ತಮ್ಮ ತಮ್ಮ ಯೋಗ್ಯತೆಗೆ ತಕ್ಕಂತೆ ಪೂರ್ಣರು. ಕೊಡವೂ ತುಂಬಿದೆ, ಪಂಚಪಾತ್ರೆಯೂ ತುಂಬಿದೆ. ಅರ್ಚಕರ ಮನೆಯಲ್ಲಿ ಬೆಳೆದವನಾದುದರಿಂದ ನಾನು ಬಲ್ಲೆ: ಅಭಿಷೇಕಕ್ಕೆ ಕೊಡ ಬೇಕು, ತೀರ್ಥಕ್ಕೆ ಪಂಚಪಾತ್ರೆಯೇ ಬೇಕು.

ಪುರಂದರದಾಸರು ಇದನ್ನು ಮಾಡಿಯೇ ತೋರಿಸಿದ್ದಾರೆ. ಇಷ್ಟೊಂದು ಪದ, ಸುಳಾದಿ, ಉಗಾಭೋಗಗಳನ್ನು ರಚಿಸಿದ ಮಹಾನುಭಾವರು ಸರಳೆ, ಜಂಟಿವರಸೆ, ಅಲಂಕಾರಗಳೆಂಬ ಬಾಲಪಾಠದ ಕ್ರಮವನ್ನೂ ಹಾಕಿಕೊಟ್ಟರೆಂದು ಸಂಗೀತಲೋಕವು ಅವರನ್ನು ಪಿತಾಮಹರೆನ್ನುತ್ತದೆ. ಪಾಠಕ್ಕೆ ಆರಿಸಿದ ಮಾಯಾಮಾಳವಗೌಳವನ್ನು ನೋಡಿರಿ. ಷಡ್ಜದಿಂದ ಮಧ್ಯಮದವರೆಗೆ ಸ್ವರಗಳ ಅಂತರಗಳು ಹೇಗಿವೆಯೋ ಪಂಚಮದಿಂದ ಮೇಲಿನ ಷಡ್ಜದವರೆಗೂ ಹಾಗೆಯೇ ಇವೆ. ಕೆಳಗಿನ ಅರ್ಧವನ್ನು ಕಲಿತ ಮಗುವಿಗೆ ಮೇಲಿನ ಅರ್ಧವು ಪರಿಚಿತವಾಗಿಯೇ ಕೇಳಿಸುತ್ತದೆ. ಮಗುವಿನ ಕಿವಿಯಲ್ಲಿ ಕುಳಿತು ಯೋಚಿಸಿದವರಿಗಲ್ಲದೆ ಇದು ಹೊಳೆಯದು. ಅಂಥವರ ಆರಾಧನೆಯಂದೇ ಮಗುವೊಂದು ಬರಿದಾದ ಚಾಪೆಗಳ ಎದುರು ಹಾಡುವುದೆಂದರೆ!

ಕೆಲವು ವರ್ಷಗಳ ಹಿಂದೆ ಒಂದು ಊರಿನ ಆರಾಧನೆಯಲ್ಲಿ ವೃದ್ಧ ಮೃದಂಗ ವಿದ್ವಾಂಸರೊಬ್ಬರು ಸಂಜೆಯ ಕಛೇರಿಗೆ ಕರೆಯಲ್ಪಟ್ಟಿದ್ದರೂ ಮಧ್ಯಾಹ್ನವೇ ಬಂದು, ಯಾರ ಅಪ್ಪಣೆಗೂ ಕಾಯದೆ ಮಕ್ಕಳಿಗೆ ನುಡಿಸಲು ಕುಳಿತದ್ದನ್ನು ಕಂಡಿದ್ದೇನೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಅಂಜಿ ಕಾಲವನ್ನು ಓಡಿಸಿದಳು. ಪಲ್ಲವಿಯನ್ನು ಎತ್ತಿಕೊಳ್ಳುವ ಸ್ಥಳವೂ ತಪ್ಪಿತು. ಅವರು ತಲೆಯೆತ್ತಿಯೂ ನೋಡಲಿಲ್ಲ. ಮಗುವಿದ್ದ ಕಡೆಗೆ ತಮ್ಮ ತಾಳವನ್ನೇ ಸರಿಸಿಕೊಂಡು, ಸರಳವಾದ ನಡೆಯಲ್ಲಿ ನುಡಿಸುತ್ತ, ಎರಡು ಆವರ್ತದಲ್ಲಿ ಅವಳನ್ನು ಸಮಕ್ಕೆ ತಂದರು. ಹಾಡು ಮುಗಿದ ಮೇಲೆ ಹುಡುಗಿಯು ನಮಸ್ಕರಿಸಿದಾಗ “ರಾತ್ರಿ ಇರ್ತೀಯಲ್ಲಮ್ಮ?” ಎಂದಷ್ಟೇ ಕೇಳಿದರು. ಅವಳು ಇದ್ದಳು. ಮಂಗಳದವರೆಗೂ ಅವರ ಬಲಗೈಯನ್ನೇ ನೋಡುತ್ತ ಮುಂದಿನ ಸಾಲಿನಲ್ಲಿ ಕುಳಿತಿದ್ದಳು.

ಉತ್ಸವದ ವ್ಯವಸ್ಥಾಪಕರಲ್ಲಿ ನನ್ನ ವಿಜ್ಞಾಪನೆಯಿಷ್ಟು. ಆರಾಧನೆಯಂದು ಸ್ಪರ್ಧೆ-ಬಹುಮಾನಗಳು ನನಗೆ ರುಚಿಸವು. ಅವಕ್ಕೆ ಬೇರೆ ದಿನಗಳಿವೆ. ಅಂದು ಐದಾರು ಮಕ್ಕಳನ್ನಾದರೂ ದೀಪ ಹಚ್ಚಿದ ಮೇಲೆ, ತುಂಬಿದ ಸಭೆಯಲ್ಲಿ, ವಿದ್ವಾಂಸರ ಕಛೇರಿಗೆ ನೇರವಾಗಿ ಮೊದಲು ಹಾಡಿಸಿರಿ. ಪಕ್ಕವಾದ್ಯದವರು ಅದೇ ಆಸನದಲ್ಲಿದ್ದು ಅವರಿಗೂ ನುಡಿಸಲಿ. ಪುರಂದರ ನವರತ್ನಮಾಲಿಕೆಯ ಗೋಷ್ಠಿಗಾಯನವಿರುವಲ್ಲಿ ಮಕ್ಕಳನ್ನು ಹಿಂದೆ ಕೂರಿಸದೆ ವಿದ್ವಾಂಸರ ಮಗ್ಗುಲಲ್ಲೇ ಕೂರಿಸಿರಿ. ತಾಯಿತಂದೆಗಳು ಬೇಗ ಹೊರಡಬೇಕೆಂದು ಅವಸರಪಟ್ಟರೆ, ಪ್ರಸಾದವನ್ನು ಮಂಗಳಾರತಿಯಾದ ಮೇಲೆಯೇ ಕೊಡುವುದೆಂದು ತಿಳಿಸಿದರಾಯಿತು.

॥ ಶ್ರೀ ಕೃಷ್ಣಾರ್ಪಣಮಸ್ತು ॥