ಉಸಿರು ಸಾಲದವರಿಗೂ ಕ್ವಾಯರ್‌ನಲ್ಲಿ ಜಾಗ ಇದೆ



ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ತಂಗಿ ನನ್ನ ಹತ್ತಿರ ಬಂದಳು. ನಮ್ಮ ಸಭೆಗೆ ಬರೋಕೆ ಶುರು ಮಾಡಿ ಮೂರು ತಿಂಗಳಾಗಿದೆ. ಅವಳನ್ನು ಕೇಳಿಯೇ ಇದನ್ನ ಹೇಳ್ತಾ ಇದ್ದೀನಿ. "ಪಾಸ್ಟರ್, ಕ್ವಾಯರ್ ಸೇರೋಕೆ ಆಸೆ ಇದೆ. ಆದರೆ ದೇವರನ್ನ ಪೂರ್ತಿ ನಂಬಿದ್ದೀನಿ ಅಂತ ಇಲ್ಲಿ ಹಾಡ್ತೀನಿ, ಪಿ.ಜಿ.ಗೆ ಹೋಗಿ ರಾತ್ರಿಯೆಲ್ಲ ಭಯದಲ್ಲಿ ಇರ್ತೀನಿ. ಮುಂದೆ ನಿಂತು ಹಾಡಿದ್ರೆ ಅದು ಸುಳ್ಳಾಗಲ್ವಾ?"

ಸಾಮಾನ್ಯವಾಗಿ ನನಗೆ ಬರೋ ಮಾತುಗಳೇ ಬೇರೆ. ಧ್ವನಿ ಚೆನ್ನಾಗಿಲ್ಲ, ಕನ್ನಡ ಓದೋಕೆ ಬರಲ್ಲ, ಶನಿವಾರ ಶಿಫ್ಟ್ ಇದೆ. ಅವಕ್ಕೆ ದಾರಿ ಇದೆ. ನಮ್ಮಲ್ಲಿ ಎಷ್ಟೋ ಜನ ಕನ್ನಡ ಹಾಡನ್ನ ಇಂಗ್ಲಿಷ್ ಅಕ್ಷರದಲ್ಲಿ ಫೋನ್‌ನಲ್ಲಿ ಬರಕೊಂಡೇ ಹಾಡ್ತಾರೆ. ಆದರೆ ಈ ತಂಗಿಯ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ವಾರವೆಲ್ಲ ಅದನ್ನೇ ಯೋಚಿಸಿದೆ.

ಮೊದಲನೆಯದಾಗಿ, ಅವಳ ಹೆದರಿಕೆಗೆ ಸತ್ಯವೇದದಲ್ಲೇ ಆಧಾರ ಇದೆ. ಆಮೋಸ 5ನೇ ಅಧ್ಯಾಯದಲ್ಲಿ ದೇವರು, ನಿಮ್ಮ ಹಾಡಿನ ಗದ್ದಲ ನನಗೆ ಬೇಡ ಅಂತಾನೆ. ದೇವರಿಗೆ ಬೇಡವಾದ ಹಾಡೂ ಇದೆ, ಪ್ರಿಯರೇ. ಆದರೆ ಆ ಮಾತು ಯಾರಿಗೆ ಬಂತು ನೋಡಿ. ಬಡವರನ್ನ ತುಳಿದು, ಲಂಚ ತಗೊಂಡು, ನ್ಯಾಯ ಕೇಳೋಕೆ ಬಂದವರನ್ನ ತಳ್ಳಿಬಿಟ್ಟು, ಅದೇ ಬಾಯಲ್ಲಿ ಹಾಡ್ತಿದ್ದವರಿಗೆ. ಅವರಿಗೆ ಭಯವೇ ಇರಲಿಲ್ಲ. ತಪ್ಪನ್ನ ಮುಚ್ಚೋಕೆ ಹಾಡು ಬೇಕಾಗಿತ್ತು. ಭಯಪಡ್ತಾ ಹಾಡೋಳು ಏನನ್ನೂ ಮುಚ್ಚಿಡ್ತಿಲ್ಲ. ಇನ್ನೂ ಸಿಗದೇ ಇರೋದನ್ನ ಕೇಳ್ತಿದ್ದಾಳೆ. ಅದು ಪ್ರಾರ್ಥನೆ.

ಎರಡನೆಯದು, ಮತ್ತಾಯ 26:30. ಪಸ್ಕದ ಊಟ ಮುಗೀತು. ಯೇಸು ಮತ್ತು ಶಿಷ್ಯರು ಹಾಡಿ, ಎಣ್ಣೇಮರಗಳ ಗುಡ್ಡಕ್ಕೆ ಹೊರಟರು. ಮರುವಚನದಲ್ಲೇ ಯೇಸು, ಈ ರಾತ್ರಿ ನೀವೆಲ್ಲರೂ ನನ್ನ ವಿಷಯದಲ್ಲಿ ಎಡವುತ್ತೀರಿ ಅಂತಾನೆ. ಅಂದ್ರೆ ಜೊತೆಗೆ ಹಾಡಿದವರು ಓಡಿಹೋಗ್ತಾರೆ ಅಂತ ಆತನಿಗೆ ಗೊತ್ತಿತ್ತು. ಕೋಳಿ ಕೂಗೋದರೊಳಗೆ ಪೇತ್ರ ಮೂರು ಸಲ ಗೊತ್ತಿಲ್ಲ ಅನ್ನೋದೂ ಗೊತ್ತಿತ್ತು. ಆದರೂ, ಪೇತ್ರನೇ, ನೀನು ಬಾಯಿ ಮುಚ್ಚು, ನಿನಗೆ ಯೋಗ್ಯತೆ ಇಲ್ಲ ಅನ್ನಲಿಲ್ಲ. ಅವನ ಜೊತೆಗೇ ಹಾಡಿದ.

ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ನಾಲ್ಕು ವರ್ಷದ ಹಿಂದೆ, ಬೈಬಲ್ ಕಾಲೇಜಿನ ಡಿಪ್ಲೊಮಾ ಮುಗಿಸಿ ಹೊಸದಾಗಿ ಕ್ವಾಯರ್ ಜವಾಬ್ದಾರಿ ತಗೊಂಡಿದ್ದೆ. ಒಬ್ಬ ತಮ್ಮ ಪ್ರಾಕ್ಟೀಸ್‌ಗೆ ಬಂದ. ಶ್ರುತಿ ಸೇರ್ತಿರಲಿಲ್ಲ. "ಬ್ರದರ್, ಸ್ವಲ್ಪ ಕಲಿತುಕೊಂಡು ಬನ್ನಿ" ಅಂದೆ. ನಕ್ಕು, "ಸರಿ ಪಾಸ್ಟರ್" ಅಂದ. ಮುಂದಿನ ವಾರ ಪ್ರಾಕ್ಟೀಸ್‌ಗೆ ಬರಲಿಲ್ಲ. ಎರಡು ತಿಂಗಳಾದ ಮೇಲೆ ಸಭೆಗೂ ಬರಲಿಲ್ಲ. ಫೋನ್ ಮಾಡಿದೆ, ನಂಬರ್ ಬದಲಾಗಿತ್ತು. ನೀರಿಗಿಳಿಯದೆ ಈಜು ಬರುತ್ತಾ? ಅವನು ಎಲ್ಲಿ ಹೋಗಿ ಕಲೀಬೇಕಿತ್ತು?

ಆಮೇಲೆ 1 ಪೂರ್ವಕಾಲವೃತ್ತಾಂತ 25 ಓದಿದಾಗ ನಾಚಿಕೆ ಆಯ್ತು. ದಾವೀದನ ಕಾಲದ ಗಾಯಕರು 288 ಜನ, ಎಲ್ಲರೂ ತರಬೇತಿ ಆದವರು. ಹಾಗಾಗಿ ಪ್ರಾಕ್ಟೀಸ್ ಬೇಡ ಅಂತ ನಾನು ಹೇಳಲ್ಲ. ಆದರೆ ಸೇವೆಯ ಸರದಿಗೆ ಚೀಟು ಹಾಕುವಾಗ ದೊಡ್ಡವರು ಚಿಕ್ಕವರು, ಗುರು ಶಿಷ್ಯ ಅನ್ನೋ ಭೇದ ಇರಲಿಲ್ಲ. ಕಲಿಯೋನು ಕಲಿಸೋನ ಪಕ್ಕದಲ್ಲೇ ನಿಂತ.

ಕ್ವಾಯರ್‌ನಲ್ಲಿ ಇರೋರಿಗೆ ಒಂದು ವಿಷಯ ಗೊತ್ತು. ಉದ್ದದ ಸಾಲನ್ನ ಒಂದೇ ಉಸಿರಲ್ಲಿ ಹಾಡೋಕೆ ಯಾರಿಗೂ ಆಗಲ್ಲ. ಅದಕ್ಕೇ ಎಲ್ಲರೂ ಒಟ್ಟಿಗೆ ಉಸಿರು ತಗೊಳಲ್ಲ. ಪಕ್ಕದವಳು ಹಾಡ್ತಿರುವಾಗ ನೀನು ತಗೋತೀಯ, ನೀನು ಹಾಡ್ತಿರುವಾಗ ಅವಳು ತಗೋತಾಳೆ. ಕೂತು ಕೇಳೋರಿಗೆ ಹಾಡು ಎಲ್ಲೂ ನಿಲ್ಲಲ್ಲ. ನಂಬಿಕೆಯೂ ಹಾಗೇ ಅಂತ ನನಗನ್ನಿಸುತ್ತೆ. ಈ ವಾರ ಆ ಸಾಲು ನಿನ್ನ ಬಾಯಿಂದ ಬರಲಿಲ್ವಾ? ಸುಮ್ಮನೆ ನಿಲ್ಲು ತಂಗಿ. ಪಕ್ಕದವರು ಹಾಡ್ತಾರೆ. ಇನ್ನೊಂದು ವಾರ ಅವರ ಮನೆಯಲ್ಲಿ ಸಾವೋ ಕಾಯಿಲೆಯೋ ಬಂದು ಅವರ ಗಂಟಲು ಕಟ್ಟುತ್ತೆ. ಅವತ್ತು ನೀನು ಹಾಡಬೇಕು. ಒಬ್ಬಳೇ ಹಾಡಿದ್ರೆ ನೀನು ಹೇಳಿದ ಹಾಗೆ ಸುಳ್ಳು ಅನ್ನಿಸಬಹುದು. ಸಭೆ ಸೇರಿ ಹಾಡುವಾಗ ಅದು ನಮ್ಮೆಲ್ಲರ ಮಾತು.

ಶನಿವಾರ ಸಂಜೆ 6 ಗಂಟೆಗೆ ಪ್ರಾಕ್ಟೀಸ್. ಮೊದಲ ತಿಂಗಳು ಯಾರ ಕೈಗೂ ಮೈಕ್ ಕೊಡಲ್ಲ, ಹೆದರಬೇಡಿ. ಶ್ರುತಿ ಸೇರದಿದ್ರೂ ಬನ್ನಿ, ಇಲ್ಲೇ ಕಲಿಯೋಣ. ಕಲಿತುಕೊಂಡು ಬನ್ನಿ ಅಂತ ಇನ್ನು ನಾನು ಯಾರಿಗೂ ಹೇಳಲ್ಲ.

ಆ ತಮ್ಮ ಈಗ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ, ಕರ್ತನಿಗೆ ಗೊತ್ತು. ಕಣ್ಣು ಮುಚ್ಚಿ, ಮೊದಲು ಅವನಿಗಾಗಿ ಪ್ರಾರ್ಥಿಸೋಣ. ಆಮೆನ್.