ಹೊಟ್ಟೆಯ ಪರಾಮರಿಕೆಯು ಸ್ವಾರ್ಥವೋ, ಕರ್ತವ್ಯವೋ?

ಮನುಷ್ಯನು ತನ್ನ ಹೊಟ್ಟೆಯ ವಿಷಯವಾಗಿ ಯೋಚಿಸುವದು ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆಯನ್ನು ಈ ಸಾರಿ ನಿಮ್ಮ ಮುಂದೆ ಇಡುತ್ತೇವೆ. ಕೆಲವರು, “ಹೊಟ್ಟೆಯ ಚಿಂತೆಯು ಪಶುಗಳಿಗೆ ತಕ್ಕದ್ದು, ಮನುಷ್ಯನು ಅದಕ್ಕಿಂತ ಮೇಲಾದ ಸಂಗತಿಗಳನ್ನು ಯೋಚಿಸಬೇಕು” ಅನ್ನುತ್ತಾರೆ. ಬೇರೆ ಕೆಲವರು, “ಹೊಟ್ಟೆ ನನ್ನದು, ಅದಕ್ಕೆ ಏನು ಹಾಕಿದರೂ ಕೇಳುವವರಾರು?” ಅನ್ನುತ್ತಾರೆ. ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವಾಗಿ ತೋರಿದರೂ ಅವುಗಳ ಬೇರು ಒಂದೇ. ಹೇಗೆಂದರೆ, ಹೊಟ್ಟೆಯು ಅದನ್ನು ಹೊತ್ತವನಿಗೆ ಮಾತ್ರ ಸಂಬಂಧಪಟ್ಟದ್ದೆಂದು ಇಬ್ಬರೂ ನೆನಸುತ್ತಾರೆ. ಇದು ನಿಜವೋ ಎಂದು ವಿಚಾರಿಸೋಣ.

ಮೊದಲು ಒಂದು ಭೇದವನ್ನು ತಿಳಿದುಕೊಳ್ಳಬೇಕು. ನಾಲಿಗೆಯನ್ನು ಮೆಚ್ಚಿಸುವದು ಬೇರೆ, ಹೊಟ್ಟೆಯನ್ನು ಪರಾಮರಿಸುವದು ಬೇರೆ. ಹೊಟ್ಟೆಬಾಕನನ್ನು ನೋಡಿ, ಅವನು ಹೊಟ್ಟೆಯ ದಾಸನೆಂದು ಲೋಕವು ಹೇಳುತ್ತದೆ. ವಾಸ್ತವದಲ್ಲಿ ಅವನು ನಾಲಿಗೆಯ ದಾಸನು, ಹೊಟ್ಟೆಯ ಪೀಡಕನು. ನಾಲಿಗೆಯ ಸುಖವು ಒಂದು ಗಳಿಗೆಯದು. ಅದರ ಭಾರವನ್ನು ಹೊಟ್ಟೆಯು ರಾತ್ರಿಯೆಲ್ಲಾ ಹೊರುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣದೆ, ಹಸಿವನ್ನು ಟೀಯಿಂದಲೂ ಎಲೆಯಡಿಕೆಯಿಂದಲೂ ಕೊಲ್ಲುವವನು ಸಹ ಅಂಥ ಪೀಡಕನೇ. ಆದಕಾರಣ ಹೊಟ್ಟೆಯನ್ನು ಪರಾಮರಿಸುವದೆಂದರೆ ರುಚಿಯ ಬೆನ್ನು ಹತ್ತುವದಲ್ಲ. ನಮ್ಮ ವಶಕ್ಕೆ ಒಪ್ಪಿಸಲ್ಪಟ್ಟ ಎತ್ತನ್ನು ಒಕ್ಕಲಿಗನು ನೋಡಿಕೊಳ್ಳುವಂತೆ ನೋಡಿಕೊಳ್ಳುವದೇ.

ಹೊಟ್ಟೆಯೊಳಗೆ ನಡೆಯುವ ಕೆಲಸವನ್ನು ಹೊಲದ ಕೆಲಸ ಬಲ್ಲವರು ಬೇಗ ಗ್ರಹಿಸುವರು. ತಿಪ್ಪೆಯ ಗೊಬ್ಬರವನ್ನೂ ಉದುರಿದ ಎಲೆಯನ್ನೂ ಮಣ್ಣಿನಲ್ಲಿ ಕಾಣದೆ ವಾಸಿಸುವ ಸಣ್ಣ ಜೀವಿಗಳು ಕರಗಿಸಿ ಪೈರಿಗೆ ಆಹಾರ ಮಾಡುತ್ತವಷ್ಟೆ. ಹಾಗೆಯೇ ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷಾಂತರ ಕೋಟಿ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಸೊಪ್ಪು, ಕಾಳು, ತವುಡುಳ್ಳ ಧಾನ್ಯಗಳಲ್ಲಿರುವ ನಾರನ್ನು ನಾವು ಜೀರ್ಣಿಸಲಾರೆವು. ಅವುಗಳಲ್ಲಿ ಅನೇಕವು ಅದನ್ನು ತಿಂದು, ಕರುಳಿನ ಗೋಡೆಗೆ ಪೋಷಣೆಯಾಗುವ ಆಮ್ಲಗಳನ್ನು ಉಂಟುಮಾಡುತ್ತವೆ. ನಾರು ದೊರೆಯದಿದ್ದರೆ ಕೆಲವು ಜೀವಿಗಳು ಕರುಳಿನ ಗೋಡೆಯ ಲೋಳೆಯನ್ನೇ ತಿನ್ನತೊಡಗುವದನ್ನು ಪಂಡಿತರು ಇಲಿಗಳಲ್ಲಿ ಕಂಡಿದ್ದಾರೆ. ದೊಡ್ಡವರು ದಿನಕ್ಕೆ 25 ಗ್ರಾಮಿಗೆ ಕಡಿಮೆಯಿಲ್ಲದಷ್ಟು ನಾರನ್ನು ತಿನ್ನಬೇಕೆಂದು ಲೋಕ ಆರೋಗ್ಯ ಸಂಸ್ಥೆಯು 2023ರಲ್ಲಿ ಹೇಳಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯ ಮೇರೆಗೆ, 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ಹೀಗಿರಲಾಗಿ, ಅಜ್ಜಂದಿರ ಮುದ್ದೆಯನ್ನು ಬಡವರ ಅನ್ನವೆಂದು ನಾಚಿ, ನೆಂಟರು ಬಂದಾಗ ಮುಚ್ಚಿಡುವವರು ಯಾವದಕ್ಕೆ ನಾಚುತ್ತಾರೆ? ಮುದ್ದೆ, ಹುರುಳಿ, ಅವರೆ, ಬೇಲಿಯ ಸೊಪ್ಪು, ಮನೆಯ ಮಜ್ಜಿಗೆ ಇವು ಬಡತನದ ಗುರುತುಗಳಲ್ಲ. ಇದಲ್ಲದೆ, ವೈದ್ಯರನ್ನು ಕೇಳದೆ ಪ್ರತಿ ಜ್ವರಕ್ಕೂ ಅಂಗಡಿಯಿಂದ ಆಂಟಿಬಯೋಟಿಕ್ ಮಾತ್ರೆಗಳನ್ನು ತಂದು ನುಂಗುವವನು, ಕಳೆಯನ್ನು ಕೊಲ್ಲಬೇಕೆಂದು ಹೊಲಕ್ಕೆ ಬೆಂಕಿಯಿಡುವವನಿಗೆ ಸಮಾನನು. ಕಳೆಯ ಸಂಗಡ ಪೈರೂ ಸುಡುವದು.

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯು ಊಟವನ್ನೂ ಮಾತನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಇವೆರಡಕ್ಕೆ ಏನು ಸಂಬಂಧವೆಂಬದನ್ನು ತೋರಿಸುವ ಒಂದು ವೃತ್ತಾಂತವುಂಟು. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಬಡ ಕೂಲಿಯವನಿಗೆ ಅಕಸ್ಮಾತ್ತಾಗಿ ಗುಂಡು ತಗಲಿತು. ಸೈನ್ಯದ ವೈದ್ಯನಾದ ವಿಲಿಯಂ ಬೋಮಾಂಟನು ಅವನಿಗೆ ಚಿಕಿತ್ಸೆ ಮಾಡಿದನು. ಪ್ರಾಣವು ಉಳಿಯಿತು; ಆದರೆ ಗಾಯವು ಪೂರ್ಣವಾಗಿ ಮುಚ್ಚದೆ ಜಠರದೊಳಕ್ಕೆ ಒಂದು ರಂಧ್ರವು ನಿಂತಿತು. ಆ ರಂಧ್ರದ ಮೂಲಕ ವೈದ್ಯನು ಅನೇಕ ವರುಷ ಜೀರ್ಣದ ಕೆಲಸವನ್ನು ಕಣ್ಣಾರೆ ನೋಡಿ, 1833ರಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಆ ಮನುಷ್ಯನಿಗೆ ಸಿಟ್ಟು ಬಂದಾಗ ಅವನ ಜಠರದ ಸ್ಥಿತಿಯೂ ಜೀರ್ಣದ ರೀತಿಯೂ ಬದಲಾಗುವದನ್ನು ಅವನು ಕಂಡನು. ಈಗ ಪಂಡಿತರು ಇನ್ನೂ ಹೆಚ್ಚಾಗಿ ತಿಳಿದಿದ್ದಾರೆ: ಕರುಳಿನ ಗೋಡೆಯಲ್ಲಿಯೇ ಕೋಟ್ಯಂತರ ನರಕೋಶಗಳುಂಟು; ಅಲ್ಲಿಂದ ಮಿದುಳಿಗೂ ಮಿದುಳಿನಿಂದ ಅಲ್ಲಿಗೂ ನರಗಳ ಮೂಲಕ ವರ್ತಮಾನಗಳು ಹೋಗಿಬರುತ್ತವೆ. ಆದದರಿಂದ ಉಣ್ಣುವ ಹೊತ್ತಿನಲ್ಲಿ ಮಕ್ಕಳನ್ನು ಗದರಿಸುವವನೂ, ತಟ್ಟೆಯ ಮುಂದೆ ಹೆಂಡತಿಯನ್ನು ಹಳಿಯುವವನೂ ಅವರ ಮನಸ್ಸನ್ನಲ್ಲದೆ ಹೊಟ್ಟೆಯನ್ನೂ ನೋಯಿಸುತ್ತಾನೆ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯು ಹುಟ್ಟುತ್ತದೆ. ಹೊಟ್ಟೆ ಕೆಟ್ಟರೆ ಮನಸ್ಸೂ ಕೆಡುವದಾದರೆ, ಸಿಡುಕುವವನನ್ನೂ ಸೋಮಾರಿಯನ್ನೂ ದೂಷಿಸಬಹುದೋ? ಕೊಕ್ಕೆಹುಳುವಿನ ಸಂಗತಿಯನ್ನು ನೋಡಿರಿ. ಬಯಲಲ್ಲಿ ಬಿದ್ದ ಮಲದಿಂದ ಅದರ ಮರಿಯು ತೇವದ ಮಣ್ಣಿಗೆ ಬಂದು, ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕು, ಕಡೆಗೆ ಸಣ್ಣ ಕರುಳಿಗೆ ಸೇರಿ ರಕ್ತವನ್ನು ಹೀರುತ್ತದೆ. ಹುಳುಗಳು ಹೆಚ್ಚಾದರೆ ಮನುಷ್ಯನು ಬಿಳಿಚಿಕೊಂಡು ಬಲಗುಂದುತ್ತಾನೆ. ಹುಡುಗನಾದರೆ ಪಾಠದಲ್ಲಿ ತೂಕಡಿಸುತ್ತಾನೆ. ತಂದೆಯು ಅವನನ್ನು ಸೋಮಾರಿಯೆಂದು ಹೊಡೆಯುತ್ತಾನೆ. ಇದಕ್ಕೆ ಆಲ್ಬೆಂಡಜೋಲ್ ಎಂಬ ಮಾತ್ರೆಯುಂಟು. 2015ರಿಂದ ಭಾರತದಲ್ಲಿ ಹುಳು ನಿವಾರಣೆಯ ದಿನವನ್ನು ನೇಮಿಸಿ, 1ರಿಂದ 19 ವರುಷದ ವರೆಗಿನವರಿಗೆ ಶಾಲೆ, ಅಂಗನವಾಡಿಗಳಲ್ಲಿ ಅದನ್ನು ಕೊಡುತ್ತಾ ಬಂದಿದ್ದಾರೆ. ಒಂದು ಮಾತ್ರೆಯಿಂದ ಹೋಗುವ ಸೋಮಾರಿತನಕ್ಕೆ ಬೆತ್ತವೇಕೆ? ಎಲ್ಲಾ ಸೋಮಾರಿತನವೂ ರೋಗವೆಂದು ನಾವು ಹೇಳುವದಿಲ್ಲ. ಎಲ್ಲಾ ಸಿಟ್ಟಿಗೂ ಹೊಟ್ಟೆಯೇ ಕಾರಣವೂ ಅಲ್ಲ. ತನ್ನ ಸಿಟ್ಟನ್ನು ತಡೆಯುವ ಭಾರವು ಸಿಟ್ಟುಗಾರನ ಮೇಲೆಯೇ ಇದೆ. ಆದರೆ ಅವನ ಪಕ್ಕದಲ್ಲಿರುವವನ ಮೇಲೆ ಬೇರೊಂದು ಭಾರವಿದೆ. ಅದೇನಂದರೆ, ತೀರ್ಪು ಮಾಡುವದಕ್ಕೆ ಮುಂಚೆ ಅವನ ಕ್ಷೇಮವನ್ನು ವಿಚಾರಿಸುವದು.

ಆ ಹುಳುವು ಎಲ್ಲಿಂದ ಬಂತೆಂದು ಯೋಚಿಸಿದರೆ ನಮ್ಮ ಮೊದಲನೆಯ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಅದು ನೆರೆಯವನ ಹೊಟ್ಟೆಯಿಂದ ಬಂತು. ವಾಂತಿಭೇದಿಯೂ ವಿಷಮಶೀತಜ್ವರವೂ ಬರುವದು ಕೂಡ ಮತ್ತೊಬ್ಬನ ಮಲವು ನಮ್ಮ ನೀರಿಗೂ ಅನ್ನಕ್ಕೂ ಸೇರುವದರಿಂದಲೇ. ಆದಕಾರಣ “ಹೊಟ್ಟೆ ನನ್ನದು” ಎಂಬ ಮಾತು ನಿಲ್ಲಲಾರದು. ನಮ್ಮ ಹೊಟ್ಟೆಯು ನೆರೆಯವನ ಕೈಯಲ್ಲಿದೆ. ಅವನ ಹೊಟ್ಟೆಯು ನಮ್ಮ ಕೈಯಲ್ಲಿದೆ. ಶೌಚದ ಮೇಲೆಯೂ ಅಡಿಗೆಗೆ ಮುಂಚೆಯೂ ಸಾಬೂನಿನಿಂದ ಕೈತೊಳೆಯುವದೂ, ಬಾವಿಯ ಕಟ್ಟೆಯನ್ನು ಶುದ್ಧವಾಗಿಡುವದೂ ಪರೋಪಕಾರವೇ.

ಮನೆಯೊಳಗೂ ಇದೇ ನ್ಯಾಯವು ಸಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದೇ ಸೊಸೆಯ ಪಾಲು. ಪಲ್ಯವೂ ಕಾಳೂ ಅಷ್ಟರಲ್ಲಿ ಮುಗಿದಿರುತ್ತವೆ. ಶೌಚಾಲಯವಿಲ್ಲದ ಮನೆಯ ಹೆಂಗಸು ಕತ್ತಲೆಯಾಗುವ ವರೆಗೆ ಬಾಧೆಯನ್ನು ತಡೆದುಕೊಳ್ಳುತ್ತಾಳೆ. ಹೊರಗೆ ಹೋಗಬೇಕಾದೀತೆಂದು ಬಾಯಾರಿದರೂ ನೀರು ಕುಡಿಯಳು. ಅವಳಿಗೆ ಮಲಬದ್ಧತೆಯಾದರೆ ಚೂರ್ಣವನ್ನು ಕೊಟ್ಟು ಸುಮ್ಮನಾಗುವದು ಸರಿಯೋ? ಅವಳ ರೋಗದ ಮೂಲವು ಮನೆಯ ಏರ್ಪಾಡಿನಲ್ಲಿರುವಾಗ, ಮದ್ದು ಸಹ ಅಲ್ಲಿಂದಲೇ ಬರತಕ್ಕದ್ದು.

“ಬಡವನಿಗೆ ಇಷ್ಟೆಲ್ಲಾ ಎಲ್ಲಿಂದ?” ಎಂದು ಒಬ್ಬನು ಕೇಳಬಹುದು. ಬಡತನವು ಬಹಳ ಬಾಗಿಲುಗಳನ್ನು ಮುಚ್ಚುತ್ತದೆಂಬದು ಸತ್ಯ. ಆದರೂ ಹೊಟ್ಟೆಯನ್ನು ಕಾಯುವ ಕೆಲವು ದೊಡ್ಡ ಸಾಧನಗಳು ಅಗ್ಗವಾಗಿಯೇ ಇವೆ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರೊಳಗೆ ಕಾಲರಾ ಹಬ್ಬಿದಾಗ, ಬನಗಾಂವಿನಲ್ಲಿ ನರಕ್ಕೆ ಹಾಕುವ ನೀರು ಸಾಲದೆ ಹೋಯಿತು. ಆಗ ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು, ಗ್ಲೂಕೋಸ್, ಸೋಡಾಗಳನ್ನು ನೀರಿನಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾಯುವವರ ಸಂಖ್ಯೆಯು ನೂರಕ್ಕೆ 4ಕ್ಕಿಂತ ಕಡಿಮೆಯಾಯಿತು. ಇಂದಿಗೂ ಮಗುವಿಗೆ ಭೇದಿಯಾದರೆ ಓ.ಆರ್.ಎಸ್. ಪೊಟ್ಟಣವನ್ನು ತಂದು ಕರಗಿಸಿ ಕುಡಿಸಬೇಕು. ಅದು ಸಿಕ್ಕುವ ವರೆಗೆ, ಒಂದು ಲೀಟರ್ ಶುದ್ಧ ನೀರಿನಲ್ಲಿ ಟೀ ಚಮಚದ ಅಂಚಿಗೆ ಸಮನಾಗಿ ಆರು ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಅಳತೆ ತಪ್ಪದೆ ಹಾಕಿ, ಸ್ವಲ್ಪಸ್ವಲ್ಪವಾಗಿ ಕೊಡಬೇಕು. ತಾಯಿಯ ಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ, ಮಗುವಿನ ಕಣ್ಣು ಗುಳಿಬಿದ್ದರೆ, ಅದು ಕುಡಿಯಲಾರದೆ ಹೋದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆದಕಾರಣ ಪ್ರಿಯರೇ, ಹೊಟ್ಟೆಯ ಪರಾಮರಿಕೆಯು ಕೀಳಾದದ್ದೂ ಅಲ್ಲ, ಒಬ್ಬನ ಸ್ವಂತದ್ದೂ ಅಲ್ಲವೆಂದು ನಮಗೆ ತೋರುತ್ತದೆ. ತನ್ನ ಹೊಟ್ಟೆಯೊಂದನ್ನೇ ನೋಡಿಕೊಳ್ಳುವವನು ಸ್ವಾರ್ಥಿಯು. ಯಾರ ಹೊಟ್ಟೆಯನ್ನೂ ನೋಡದವನು ನಿರ್ದಯನು. ಇವೆರಡರ ನಡುವಿನ ದಾರಿಯು ಈ ರಾತ್ರಿಯ ಊಟದಲ್ಲಿಯೇ ಆರಂಭವಾಗಬಹುದು. ನಿಮ್ಮ ತಟ್ಟೆಗೆ ಎರಡನೆಯ ಸಾರಿ ಬಡಿಸಿಕೊಳ್ಳುವದಕ್ಕೆ ಮುಂಚೆ, ಒಲೆಯ ಬಳಿಯಲ್ಲಿರುವವಳಿಗೆ ಪಲ್ಯ ಉಳಿದಿದೆಯೋ ಎಂದು ಪಾತ್ರೆಯೊಳಗೆ ನೋಡಿರಿ. ಉಳಿದಿಲ್ಲವಾದರೆ ಅವಳನ್ನು ಕರೆದು, ನಿಮ್ಮ ಪಾಲನ್ನು ಹಂಚಿಕೊಂಡು, ಸಂಗಡ ಕೂತು ಉಣ್ಣಿರಿ.